ಪುಗ್ಗೆ ರಾಕೆಟ್: ಯಾರು ಯಾರನ್ನು ತಳ್ಳಿದರು?

"ಗಾಳಿ ಹೋಗಿ ಹಿಂದಿನ ಗೋಡೆಗೆ ಬಡೀತು ಅಕ್ಕೋರೇ, ಅದಕ್ಕೇ ಪುಗ್ಗೆ ಮುಂದೆ ಓಡ್ತು."

ಏಳನೇ ತರಗತಿಯ ಹುಡುಗನೊಬ್ಬ ಹೀಗೆ ಹೇಳಿದ ದಿನದಿಂದ ನಾನು ಊದಿದ ಪುಗ್ಗೆಯನ್ನು, ಅಂದರೆ ಬಲೂನನ್ನು, ಬಿಗಿದ ದಾರದ ಮೇಲೆ ಓಡಿಸುವ ಈ ಪ್ರಯೋಗ ಮಾಡಿಸುವ ರೀತಿಯನ್ನೇ ಬದಲಿಸಿದೆ. ಅಲ್ಲಿಯವರೆಗೆ ಎಲ್ಲರಂತೆಯೇ ಮಾಡಿಸುತ್ತಿದ್ದೆ. ದಾರ ಕಟ್ಟುವುದು, ಬಲೂನು ಬಿಡುವುದು, ಮಕ್ಕಳು ಚಪ್ಪಾಳೆ ತಟ್ಟುವುದು, ಕೊನೆಗೆ ಬೋರ್ಡಿನ ಮೇಲೆ ನ್ಯೂಟನ್ನನ ಮೂರನೇ ನಿಯಮ ಬರೆಯುವುದು. ಹತ್ತು ನಿಮಿಷದಲ್ಲಿ ಪಾಠ ಮುಗಿಯುತ್ತಿತ್ತು. "ಪ್ರತಿಯೊಂದು ಕ್ರಿಯೆಗೂ ಸಮನಾದ ಹಾಗೂ ವಿರುದ್ಧವಾದ ಪ್ರತಿಕ್ರಿಯೆ ಇರುತ್ತದೆ" ಎಂಬ ಸಾಲು ಎಲ್ಲರಿಗೂ ಬಾಯಿಪಾಠ ಆಗಿರುತ್ತಿತ್ತು. ಆದರೆ ಪುಗ್ಗೆಯನ್ನು ಮುಂದಕ್ಕೆ ತಳ್ಳಿದ್ದು ಯಾರು ಅಂತ ಕೇಳಿದರೆ ಗೋಡೆ, ಫ್ಯಾನು, ಹೊರಗಿನ ಗಾಳಿ, ದಾರ ಎಂದೆಲ್ಲ ಉತ್ತರ ಬರುತ್ತಿತ್ತು.

ಈಗ ಪ್ರಯೋಗ ಶುರುವಾಗುವ ಮೊದಲೇ ತರಗತಿಗೆ ಒಂದು ಕಟ್ಟುಪಾಡು ಹಾಕುತ್ತೇನೆ. ತಳ್ಳುವ, ಎಳೆಯುವ ಮಾತು ಬಂದಾಗೆಲ್ಲ ಎರಡು ಹೆಸರು ಹೇಳಲೇಬೇಕು. ತಳ್ಳಿದ್ದು ಯಾರು, ತಳ್ಳಿಸಿಕೊಂಡಿದ್ದು ಯಾರು. ಆಮೇಲೆ ಅದೇ ಎರಡು ಹೆಸರನ್ನು ಅದಲು ಬದಲು ಮಾಡಿ ವಾಕ್ಯವನ್ನು ಇನ್ನೊಮ್ಮೆ ಹೇಳಬೇಕು. "ಕೈ ಬೆಂಚನ್ನು ತಳ್ಳಿತು. ಬೆಂಚು ಕೈಯನ್ನು ತಳ್ಳಿತು." ಇದಕ್ಕೆ ನಾವು ಜೋಡಿ ವಾಕ್ಯ ಅನ್ನುತ್ತೇವೆ. ಮೂರನೇ ನಿಯಮ ಅಂದರೆ ಇಷ್ಟೇ. ಕೆಳಗೆ ಹೇಳಿರುವ ಸಿದ್ಧತೆಯೆಲ್ಲ ಮಕ್ಕಳ ಬಾಯಿಂದ ಸರಿಯಾದ ಜೋಡಿ ವಾಕ್ಯ ಬರಿಸುವುದಕ್ಕೆ.

ನಾನು ಮೊದಲು ಶಿರಸಿ ಕಡೆ ಘಟ್ಟದ ಮೇಲೆ ಪಾಠ ಮಾಡುತ್ತಿದ್ದೆ. ಈಗ ಕಾರವಾರದ ಹತ್ತಿರ, ಕಡಲ ಪಕ್ಕದ ಶಾಲೆಯಲ್ಲಿದ್ದೇನೆ. ಪ್ರಯೋಗ ಎರಡೂ ಕಡೆ ಒಂದೇ. ಆದರೆ ಗಾಳಿ ಬೇರೆ, ತೇವ ಬೇರೆ, ಮಕ್ಕಳು ಕೊಡುವ ಉದಾಹರಣೆಗಳೂ ಬೇರೆ. ಏಳರಿಂದ ಒಂಬತ್ತನೇ ತರಗತಿಯವರೆಗೆ ಇದನ್ನು ಮಾಡಿಸಬಹುದು. ಎರಡು ಪೀರಿಯಡ್ ಒಟ್ಟಿಗೆ ಸಿಕ್ಕರೆ ಒಳ್ಳೆಯದು. ಒಂದೇ ಪೀರಿಯಡ್ ಇದ್ದರೆ ದಾರವನ್ನು ಹಿಂದಿನ ಸಂಜೆಯೇ ಕಟ್ಟಿಡಿ.

ಸಾಮಾನು

ಬಲೂನು ಉದ್ದನೆಯದು ಸಿಕ್ಕರೆ ಬಹಳ ಚೆನ್ನಾಗಿ ಓಡುತ್ತದೆ. ಕೊಳವೆ ಅಂಟಿಸಲು ಅದರ ಬೆನ್ನು ನೇರವಾಗಿ ಸಿಗುತ್ತದೆ, ಎದುರು ಗಾಳಿಯ ತಡೆಯೂ ಕಡಿಮೆ. ಸಿಗದಿದ್ದರೆ ಹುಟ್ಟುಹಬ್ಬಕ್ಕೆ ಕಟ್ಟುವ ಗುಂಡನೆಯ ಬಲೂನೇ ಸಾಕು. ಲೆಕ್ಕ ಮಾಡಲು ಗುಂಡನೆಯದೇ ಸುಲಭ, ಅದನ್ನು ಆಮೇಲೆ ಹೇಳುತ್ತೇನೆ. ಜಾತ್ರೆಯಲ್ಲಿ ತಂದ ಹಳೆಯ ಬಲೂನನ್ನು ಎತ್ತಿಟ್ಟು ಬಳಸಬೇಡಿ. ಬಿಸಿಲು, ಉಪ್ಪುಗಾಳಿ ತಾಗಿದ ರಬ್ಬರು ಬೇಗ ಬಿರುಕು ಬಿಡುತ್ತದೆ.

ದಾರದ ವಿಷಯದಲ್ಲಿ ರಾಜಿ ಬೇಡ. ಈ ಪ್ರಯೋಗ ಕೆಡುವುದು ಹೆಚ್ಚಾಗಿ ದಾರದಿಂದಲೇ. ಹತ್ತಿ ದಾರ, ಸುತಲಿ, ತೆಂಗಿನ ಹುರಿ, ಇವೆಲ್ಲ ಒರಟು. ಕೊಳವೆ ಜಾರದೆ ಅರ್ಧದಲ್ಲೇ ನಿಲ್ಲುತ್ತದೆ. ಮೀನಿನ ಗಾಳಕ್ಕೆ ಕಟ್ಟುವ ನೈಲಾನ್ ದಾರ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಕರಾವಳಿಯಲ್ಲಿ ಅದಕ್ಕೆ ಬರವಿಲ್ಲ. ನಮ್ಮ ತರಗತಿಯಲ್ಲಿ ಕೇಳಿದರೆ ನಾಲ್ಕು ಮಕ್ಕಳು ಮನೆಯಿಂದ ತರುತ್ತಾರೆ. ಘಟ್ಟದ ಮೇಲಿನವರು ಗಾಳ ಮಾರುವ ಅಂಗಡಿ ಹುಡುಕಿ ಹತ್ತು ಮೀಟರ್ ತಂದಿಟ್ಟುಕೊಳ್ಳಿ. ವರ್ಷಗಟ್ಟಲೆ ಬಾಳುತ್ತದೆ.

ಇನ್ನು ಕೊಳವೆ. ಹಳೆಯ ಪುಸ್ತಕಗಳಲ್ಲಿ ಪ್ಲಾಸ್ಟಿಕ್ ಸ್ಟ್ರಾ ಅಂತ ಇರುತ್ತದೆ. 2022ರ ಜುಲೈ 1ರಿಂದ ಅದರ ಮಾರಾಟಕ್ಕೆ ದೇಶದಲ್ಲಿ ನಿಷೇಧವಿದೆ, ಮತ್ತು ಇಲ್ಲಿ ಅದರ ಅವಶ್ಯಕತೆಯೂ ಇಲ್ಲ. ಹಳೆಯ ನೋಟ್‌ಬುಕ್ಕಿನ ಒಂದು ಹಾಳೆಯನ್ನು ಪೆನ್ಸಿಲ್ಲಿಗೆ ಸುತ್ತಿ, ಅಂಚಿಗೆ ಅಂಟು ಹಚ್ಚಿ, ಪೆನ್ಸಿಲ್ ಎಳೆದುಬಿಡಿ. ಎಂಟು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ. ಮಳೆಗಾಲದಲ್ಲಿ ಕಾಗದ ಮೆತ್ತಗಾಗುತ್ತದೆ, ಆಗ ಮೇಲೆ ಸ್ವಲ್ಪ ಮೇಣದ ಬತ್ತಿ ಉಜ್ಜಿ. ಶಿರಸಿಯಲ್ಲಿದ್ದಾಗ ಹುಡುಗಿಯೊಬ್ಬಳು ಪಪ್ಪಾಯಿ ಎಲೆಯ ದಂಟು ತಂದಿದ್ದಳು. ದಂಟಿನ ಒಳಗೆ ಟೊಳ್ಳು ಇರುತ್ತದಲ್ವಾ, ಅದು ಅವಳಿಗೆ ಹೊಳೆದಿತ್ತು. ಅವತ್ತಿನಿಂದ ಅದೂ ನನ್ನ ಪಟ್ಟಿಯಲ್ಲಿದೆ. ಆದರೆ ಸೊನೆ ಕೈಗೆ ತಾಗಿದರೆ ಕೆಲವರಿಗೆ ತುರಿಸುತ್ತದೆ. ತೊಳೆದು ಒಂದು ದಿನ ನೆರಳಿನಲ್ಲಿ ಒಣಗಿಸಿ ತರಲು ಹೇಳಿ.

ಇವಿಷ್ಟಲ್ಲದೆ ಟೇಪು, ಬಟ್ಟೆ ಒಣಹಾಕುವ ಕ್ಲಿಪ್ಪು, ದರ್ಜಿಗಳ ಅಳತೆ ಪಟ್ಟಿ, ಒಂದು ಮೊಬೈಲು ಬೇಕು. ಬಲೂನು ಊದುವ ಕೈಪಂಪು ಇದ್ದರೆ ತುಂಬಾ ಒಳ್ಳೆಯದು. ಒಬ್ಬರ ಬಾಯಿಗೆ ಇಟ್ಟ ಬಲೂನು ಇನ್ನೊಬ್ಬರ ಬಾಯಿಗೆ ಹೋಗುವುದು ತಪ್ಪುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಷ್ಟು ಸಲ ಒತ್ತಿದೆವು ಎಂದು ಎಣಿಸಬಹುದು. ಆಗ ಗಾಳಿಯ ಪ್ರಮಾಣಕ್ಕೆ ಒಂದು ಅಳತೆ ಸಿಕ್ಕಂತಾಯಿತು.

ದಾರ ಕಟ್ಟುವುದು

ಜಗಲಿಯ ಎರಡು ಕಂಬಗಳ ನಡುವೆ ಅಥವಾ ಎದುರುಬದುರು ಕಿಟಕಿಗಳ ಸರಳಿಗೆ ಆರು ಮೀಟರ್ ಅಂತರದಲ್ಲಿ ಕಟ್ಟಿ. ಒಂದು ತುದಿ ಕಟ್ಟಿದ ಮೇಲೆ, ಇನ್ನೊಂದು ತುದಿ ಕಟ್ಟುವ ಮೊದಲು, ಕೊಳವೆಯನ್ನು ಪೋಣಿಸಿ. ಇದು ಎಲ್ಲರೂ ಮರೆಯುವ ಹಂತ. ನಾಲ್ಕೈದು ಕೊಳವೆಗಳನ್ನು ಒಟ್ಟಿಗೇ ಪೋಣಿಸಿಟ್ಟರೆ ಒಂದು ಹರಿದಾಗ ದಾರ ಬಿಚ್ಚುವ ಕೆಲಸ ಇರುವುದಿಲ್ಲ. ಹೆಚ್ಚಿನ ಕೊಳವೆಗಳನ್ನು ಹೊರಡುವ ತುದಿಯ ಕಂಬಕ್ಕೆ ಒತ್ತಿ ಕ್ಲಿಪ್ಪು ಹಾಕಿಡಿ.

ದಾರ ಬಿಗಿಯಾಗಿರಬೇಕು. ನಡುವೆ ಜೋಲು ಬಿದ್ದರೆ ಪುಗ್ಗೆ ಮೊದಲು ಇಳಿಯುತ್ತದೆ, ಆಮೇಲೆ ಏರು ಹತ್ತಲಾರದೆ ನಿಲ್ಲುತ್ತದೆ. ನೈಲಾನ್ ಸ್ವಲ್ಪ ಹಿಗ್ಗುವ ಗುಣದ್ದು. ಕಟ್ಟಿ ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಎಳೆದು ಕಟ್ಟಿ. ನುಣುಪಾದ ನೈಲಾನಿಗೆ ಸಾದಾ ಗಂಟು ನಿಲ್ಲುವುದಿಲ್ಲ. ಮೀನುಗಾರರ ಮನೆಯ ಮಕ್ಕಳಿದ್ದರೆ ಈ ಕೆಲಸ ಅವರಿಗೇ ಕೊಡಿ. ನಮ್ಮ ಶಾಲೆಯಲ್ಲಿ ಗಣಿತದಲ್ಲಿ ಹಿಂದೆ ಉಳಿಯುವ ಒಬ್ಬ ಹುಡುಗ ಆ ದಿನ ಎಲ್ಲರಿಗೂ ಗಂಟು ಕಲಿಸಿದ. ಅವನ ಮುಖ ನನಗೆ ಇನ್ನೂ ನೆನಪಿದೆ.

ಈಗ ಎಚ್ಚರಿಕೆಯ ಮಾತು. ನೈಲಾನ್ ದಾರ ಕಣ್ಣಿಗೆ ಕಾಣುವುದಿಲ್ಲ. ಮಕ್ಕಳ ಕುತ್ತಿಗೆಯ ಎತ್ತರಕ್ಕೆ ಅದನ್ನು ಎಂದೂ ಕಟ್ಟಬೇಡಿ. ಸೊಂಟದ ಎತ್ತರ ಸಾಕು. ದಾರದ ಎರಡೂ ಬದಿಗೆ ಬೆಂಚು ಅಡ್ಡ ಇಟ್ಟು, ಯಾರೂ ನಡುವೆ ಓಡದಂತೆ ಮಾಡಿ. ಎರಡು ತುದಿಗೂ ಬಣ್ಣದ ಬಟ್ಟೆಯ ಚೂರು ಕಟ್ಟಿ. ಊಟದ ಬೆಲ್ಲು ಹೊಡೆದಾಗ ದಾರ ಹಾಗೇ ಬಿಟ್ಟು ಹೋಗಬೇಡಿ, ಬಿಚ್ಚಿಯೇ ಹೋಗಿ.

ಗಾಳಿಯ ಬಗ್ಗೆಯೂ ಹೇಳಬೇಕು. ಕಡಲ ತೀರದಲ್ಲಿ ಹೊತ್ತು ಏರಿದ ಹಾಗೆ ಸಮುದ್ರದ ಗಾಳಿ ಜೋರಾಗುತ್ತದೆ. ಮಧ್ಯಾಹ್ನದ ಮೇಲೆ ಜಗಲಿಯಲ್ಲಿ ಮಾಡಿದರೆ ನಿಮ್ಮ ಪುಗ್ಗೆಯನ್ನು ಓಡಿಸಿದ್ದು ಯಾರು ಎಂದು ಹೇಳುವುದೇ ಕಷ್ಟ. ಹಾಗಾಗಿ ಬೆಳಗಿನ ಮೊದಲ ಪೀರಿಯಡ್ ಆರಿಸಿಕೊಳ್ಳಿ, ಇಲ್ಲವೇ ಕೋಣೆಯೊಳಗೆ ಫ್ಯಾನು ಆರಿಸಿ ಮಾಡಿ.

ಪುಗ್ಗೆ ಕಟ್ಟುವುದು

ಇದಕ್ಕೆ ಇಬ್ಬರು ಬೇಕು. ಒಬ್ಬರು ಪುಗ್ಗೆ ಊದಿ, ಅದರ ಕುತ್ತಿಗೆಯನ್ನು ಎರಡು ಸುತ್ತು ತಿರುಚಿ, ಕ್ಲಿಪ್ಪು ಹಾಕಿ ಹಿಡಿದುಕೊಳ್ಳಲಿ. ಗಂಟು ಹಾಕಬಾರದು. ಇನ್ನೊಬ್ಬರು ದಾರದ ಮೇಲಿರುವ ಕೊಳವೆಯನ್ನು ಪುಗ್ಗೆಯ ಬೆನ್ನಿಗೆ ತಂದು, ಎರಡು ಕಡೆ ಟೇಪು ಹಚ್ಚಲಿ. ಪುಗ್ಗೆಯ ಬಾಯಿ, ಹೊಟ್ಟೆ, ಮೂಗು (ಬಾಯಿಯ ಎದುರಿನ ತುದಿ), ಇವು ಮೂರೂ ದಾರಕ್ಕೆ ಸಮಾನಾಂತರ ಇರಬೇಕು. ಬಾಯಿ ಒಂದು ಕಡೆ ವಾಲಿದರೆ ಪುಗ್ಗೆ ದಾರದ ಸುತ್ತ ಗಿರಗಿರ ತಿರುಗುತ್ತದೆ, ಮುಂದೆ ಹೋಗುವುದಿಲ್ಲ.

ಟೇಪನ್ನು ಜೋರಾಗಿ ಒತ್ತಬೇಡಿ. ಒಮ್ಮೆ ಹಚ್ಚಿದ್ದನ್ನು ಕಿತ್ತರೆ ಪುಗ್ಗೆ ಒಡೆಯುತ್ತದೆ. ಒಂದು ಓಟ ಮುಗಿದ ಮೇಲೆ ಟೇಪು ಹಾಗೇ ಇರಲಿ, ದಾರದ ಮೇಲೆಯೇ ಮತ್ತೆ ಗಾಳಿ ತುಂಬಿ. ಜೂನ್, ಜುಲೈಯಲ್ಲಿ ನಮ್ಮ ಕಡೆ ಸಾದಾ ಸೆಲ್ಲೋಟೇಪು ನಿಲ್ಲುವುದೇ ಇಲ್ಲ. ನನ್ನ ಮೊದಲ ವರ್ಷ ಹೊರಗೆ ಜಡಿಮಳೆ, ಒಳಗೆ ಐದು ಪುಗ್ಗೆಗಳು ಒಂದಾದ ಮೇಲೊಂದು ಕಳಚಿ ಸೂರಿಗೆ ಹಾರಿದವು. ಆಮೇಲೆ ಕಲಿತಿದ್ದು: ಪುಗ್ಗೆಯನ್ನು ಒಣಬಟ್ಟೆಯಿಂದ ಒರೆಸಬೇಕು, ಎಲೆಕ್ಟ್ರಿಷಿಯನ್ನರು ವೈರಿಗೆ ಸುತ್ತುವ ಕಪ್ಪು ಟೇಪನ್ನು ಸಣ್ಣ ಚೂರು ಮಾಡಿ ಬಳಸಬೇಕು.

ಒಡೆದ ಪುಗ್ಗೆಯ ಚೂರನ್ನು ಬಾಯಿಗೆ ಹಾಕಿ ಚೀಪುವ ಅಭ್ಯಾಸ ಮಕ್ಕಳಿಗಿದೆ. ಅದು ಗಂಟಲಿಗೆ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಒಡೆದ ಕೂಡಲೇ ಚೂರು ಆರಿಸಿ ಒಂದು ಡಬ್ಬಿಗೆ ಹಾಕುವ ಜವಾಬ್ದಾರಿಯನ್ನು ಇಬ್ಬರಿಗೆ ಕೊಡಿ. ರಬ್ಬರು ತಾಗಿದರೆ ಮೈಮೇಲೆ ದದ್ದು ಏಳುವ ಮಕ್ಕಳಿದ್ದರೆ ಅವರಿಗೆ ಮೊಬೈಲಿನ ಕೆಲಸ ಕೊಡಿ.

ಬಿಡುವ ಮೊದಲು

ಪುಗ್ಗೆ ಸಿದ್ಧವಾಗಿದೆ. ಎಲ್ಲರೂ ಬಿಡಿ ಬಿಡಿ ಅಂತ ಕೂಗುತ್ತಿದ್ದಾರೆ. ಇಲ್ಲಿ ನಿಲ್ಲಿಸಿ. ಪ್ರತಿಯೊಬ್ಬರೂ ತಮ್ಮ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಬೇಕು. ಪುಗ್ಗೆ ಯಾವ ಕಡೆ ಹೋಗುತ್ತದೆ? ಅದನ್ನು ತಳ್ಳುವುದು ಯಾರು? ಮೊದಲನೆಯದು ಎಲ್ಲರಿಗೂ ಗೊತ್ತು. ಎರಡನೆಯದರಲ್ಲೇ ಇರುವುದು ಪಾಠ. ಬರೆದದ್ದನ್ನು ಓದಿಸಿ. ಯಾವುದಕ್ಕೂ ಸರಿ, ತಪ್ಪು ಅನ್ನಬೇಡಿ. ಉತ್ತರಗಳನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡಿ. ಮಕ್ಕಳು ತಾವು ಬರೆದ ಉತ್ತರದ ಪರವಾಗಿ ನಿಂತಾಗಲೇ ಪ್ರಯೋಗಕ್ಕೆ ಜೀವ ಬರುವುದು.

ಆಮೇಲೆ ಎಣಿಸಿ, ಕ್ಲಿಪ್ಪು ತೆಗೆಯಿರಿ. ದಾರ ಚೆನ್ನಾಗಿದ್ದರೆ ಪುಗ್ಗೆ ಆರು ಮೀಟರನ್ನು ಎರಡು ಮೂರು ಸೆಕೆಂಡಿನಲ್ಲೇ ದಾಟುತ್ತದೆ. ಇನ್ನೊಮ್ಮೆ ಬಿಡಿ. ಈ ಸಲ ಮೊಬೈಲಿನಲ್ಲಿ ನಿಧಾನ ಚಲನೆಯ ವಿಡಿಯೋ ತೆಗೆಸಿ. ಪುಗ್ಗೆ ಮುಂದೆ ಹೋಗುತ್ತಾ ಸಣ್ಣದಾಗುವುದು ಅದರಲ್ಲಿ ಕಾಣುತ್ತದೆ. ಅಂದರೆ ಅಲ್ಲಿ ಚಲಿಸುತ್ತಿರುವುದು ಎರಡು ವಸ್ತು. ಒಂದು ರಬ್ಬರು, ಮುಂದಕ್ಕೆ. ಇನ್ನೊಂದು ಗಾಳಿ, ಹಿಂದಕ್ಕೆ. ಗಾಳಿ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಮಕ್ಕಳು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೊರಡುವ ತುದಿಯಲ್ಲಿ ಬಾಯಿಯ ಹಿಂದೆ ತೆಳು ಕಾಗದದ ಪಟ್ಟಿಗಳನ್ನು ತೂಗುಹಾಕಿ. ಪುಗ್ಗೆ ಹೊರಟಾಗ ಪಟ್ಟಿಗಳು ಹಿಂದಕ್ಕೆ ಹಾರುತ್ತವೆ. ಎರಡನೇ ಹೆಸರು ಯಾರದು ಅಂತ ಆಗ ಮಕ್ಕಳಿಗೆ ಹೊಳೆಯುತ್ತದೆ.

ಗೋಡೆಯ ಪ್ರಶ್ನೆ

ಗೋಡೆಯೇ ತಳ್ಳಿದ್ದು ಅಂದ ಹುಡುಗನಿಗೆ ನಾನು ಅವತ್ತು ತಪ್ಪು ಎಂದುಬಿಟ್ಟಿದ್ದೆ. ಹಾಗೆ ಮಾಡಬಾರದಿತ್ತು. ಅವನ ಮಾತನ್ನು ಪರೀಕ್ಷೆ ಮಾಡಬಹುದು, ಅದೂ ಎರಡೇ ನಿಮಿಷದಲ್ಲಿ. ಮೊದಲು ಪುಗ್ಗೆಯ ಬಾಯಿ ಗೋಡೆಯಿಂದ ಒಂದೆರಡು ಗೇಣು ದೂರ ಇರುವಂತೆ ಹಿಡಿದು ಬಿಡಿ. ಅಲ್ಲಿಂದ ಎರಡು ಮೀಟರ್ ದಾಟಲು ಎಷ್ಟು ಹೊತ್ತು ಬೇಕಾಯಿತು ಎಂದು ವಿಡಿಯೋದಿಂದ ಲೆಕ್ಕ ಹಾಕಿ. ಈಗ ಅಷ್ಟೇ ಗಾಳಿ ತುಂಬಿ, ದಾರದ ನಡುವಿನಿಂದ, ಗೋಡೆಯಿಂದ ಮೂರು ಮೀಟರ್ ದೂರದಿಂದ ಬಿಡಿ. ಗೋಡೆಯೇ ತಳ್ಳುವುದಾದರೆ ಎರಡನೇ ಸಲ ಪುಗ್ಗೆ ಓಡಲೇಬಾರದು. ಆದರೆ ಅದು ಮೊದಲಿನ ಹಾಗೆಯೇ ಓಡುತ್ತದೆ.

ಆಗ ಇನ್ನೊಂದು ವಾದ ಬರುತ್ತದೆ. ಗೋಡೆ ಇಲ್ಲದಿದ್ದರೂ ಹಿಂದೆ ಹೊರಗಿನ ಗಾಳಿ ಇದೆಯಲ್ಲ, ಅದನ್ನು ಒತ್ತಿಕೊಂಡು ಪುಗ್ಗೆ ಮುಂದೆ ಹೋಯಿತು ಅಂತ. ಈ ವಾದ ಮಾಡಿದ ಮಕ್ಕಳ ಬೆನ್ನು ತಟ್ಟಿ. ದೊಡ್ಡವರೂ ಹೀಗೆ ಯೋಚಿಸಿದ್ದಾರೆ. ಅಮೆರಿಕದ ರಾಬರ್ಟ್ ಗಾಡರ್ಡ್ ರಾಕೆಟ್ಟನ್ನು ಆಕಾಶದಾಚೆ ಕಳುಹಿಸುವ ಮಾತಾಡಿದಾಗ, 1920ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಇದೇ ಆಕ್ಷೇಪ ಎತ್ತಿತ್ತು. ಗಾಳಿಯೇ ಇಲ್ಲದ ಕಡೆ ರಾಕೆಟ್ಟು ಯಾವುದನ್ನು ಒತ್ತಿಕೊಂಡು ಹೋಗುತ್ತದೆ ಎನ್ನುವುದು ಅದರ ವಾದ. ಗಾಡರ್ಡ್ 1926ರಲ್ಲಿ ಮೊದಲ ದ್ರವ ಇಂಧನದ ರಾಕೆಟ್ ಹಾರಿಸಿದರು. ಪತ್ರಿಕೆ ತನ್ನ ತಪ್ಪು ಒಪ್ಪಿಕೊಂಡದ್ದು 1969ರ ಜುಲೈ 17ರಂದು, ಅಪೊಲೊ 11 ಚಂದ್ರನ ಕಡೆ ಹೊರಟ ಮರುದಿನ.

ರಾಕೆಟ್ಟಿಗೆ ಒತ್ತಿಕೊಳ್ಳಲು ಹೊರಗಿನ ಯಾವುದೂ ಬೇಕಿಲ್ಲ. ತಾನು ಹೊತ್ತು ತಂದದ್ದನ್ನೇ ಅದು ಹಿಂದಕ್ಕೆ ತಳ್ಳುತ್ತದೆ. ಪುಗ್ಗೆಯ ಜೋಡಿ ವಾಕ್ಯವೂ ಅದೇ. "ಪುಗ್ಗೆ ತನ್ನೊಳಗಿನ ಗಾಳಿಯನ್ನು ಹಿಂದಕ್ಕೆ ತಳ್ಳಿತು. ಆ ಗಾಳಿ ಪುಗ್ಗೆಯನ್ನು ಮುಂದಕ್ಕೆ ತಳ್ಳಿತು." ಇದನ್ನು ನೀವು ಹೇಳಬೇಡಿ. ಸ್ವಲ್ಪ ಕಾದರೆ ತರಗತಿಯಲ್ಲಿ ಯಾರಾದರೂ ಹೇಳುತ್ತಾರೆ.

ಕಾರವಾರದ ಮೀನು ಮಾರುಕಟ್ಟೆಗೆ ಹೋದವರಿಗೆ ಇನ್ನೊಂದು ಉದಾಹರಣೆ ಕೈಯಲ್ಲೇ ಇದೆ. ಬೊಂಡಾಸ ಎನ್ನಿ, ಮಾಣಕಿ ಎನ್ನಿ, ಇಂಗ್ಲಿಷಿನಲ್ಲಿ ಸ್ಕ್ವಿಡ್ ಎನ್ನಿ, ಅದು ಸಮುದ್ರದಲ್ಲಿ ಹೆದರಿ ಓಡುವುದು ಹೀಗೆಯೇ. ಚೀಲದಂಥ ಮೈಯೊಳಗೆ ನೀರು ತುಂಬಿಕೊಂಡು, ಮೈ ಬಿಗಿದು, ಕೊಳವೆಯಂಥ ಬಾಯಿಯಿಂದ ನೀರನ್ನು ರಭಸವಾಗಿ ಚಿಮ್ಮಿಸುತ್ತದೆ. ನೀರು ಒಂದು ಕಡೆ, ಬೊಂಡಾಸ ಇನ್ನೊಂದು ಕಡೆ. ಆ ಕೊಳವೆಯನ್ನು ಬೇಕಾದ ಕಡೆ ತಿರುಗಿಸಿ ದಿಕ್ಕನ್ನೂ ಬದಲಿಸುತ್ತದೆ. ನಾನು ಈ ಪಾಠಕ್ಕೆ ಒಮ್ಮೆ ಮಾರುಕಟ್ಟೆಯಿಂದ ಒಂದು ಬೊಂಡಾಸ ತಂದು ತೋರಿಸಿದ್ದೆ. ಪುಗ್ಗೆಗಿಂತ ಅದರ ಸುತ್ತಲೇ ಜಾಸ್ತಿ ಜನ ಸೇರಿದರು.

ಬಾಯಿ ಮುಚ್ಚಿದ ಪುಗ್ಗೆ ಏಕೆ ಓಡುವುದಿಲ್ಲ?

ಈ ಪ್ರಶ್ನೆಯನ್ನು ಬಿಡಬೇಡಿ. ಬೋರ್ಡಿನ ಮೇಲೆ ಒಂದು ಪುಗ್ಗೆ ಬರೆಯಿರಿ. ಒಳಗಿನ ಗಾಳಿ ರಬ್ಬರನ್ನು ಎಲ್ಲ ಕಡೆಗೂ ಒತ್ತುತ್ತದೆ. ರಬ್ಬರಿನ ಮುಂದಿನ ಬದಿಗೆ ಒಂದು ಬಾಣ, ಹಿಂದಿನ ಬದಿಗೆ ಒಂದು ಬಾಣ, ಮೇಲೆ, ಕೆಳಗೆ. ಬಾಯಿ ಮುಚ್ಚಿದ್ದಾಗ ಮುಂದಿನ ಒತ್ತನ್ನು ಹಿಂದಿನ ಒತ್ತು ಸರಿದೂಗಿಸುತ್ತದೆ. ಈಗ ಡಸ್ಟರಿನಿಂದ ಬಾಯಿಯ ಜಾಗವನ್ನು ಒರೆಸಿ. ಅಲ್ಲಿ ರಬ್ಬರಿಲ್ಲ. ಒತ್ತಿಸಿಕೊಳ್ಳುವವರೇ ಇಲ್ಲ. ಅದರ ನೇರ ಎದುರಿಗೆ, ಮೂಗಿನ ಮೇಲೆ ಬೀಳುವ ಒತ್ತು ಮಾತ್ರ ಹಾಗೇ ಇದೆ. ಅದಕ್ಕೇ ಪುಗ್ಗೆ ಮೂಗಿನ ಕಡೆಗೆ ಓಡುತ್ತದೆ.

ಎರಡು ಬಲ ಸಮ, ದಿಕ್ಕು ವಿರುದ್ಧ ಎಂದ ಮೇಲೆ ಒಂದಕ್ಕೊಂದು ವಜಾ ಆಗಬೇಕಲ್ವಾ, ಮತ್ತೆ ಯಾವುದಾದರೂ ಚಲಿಸುವುದು ಹೇಗೆ? ಒಂಬತ್ತನೇ ತರಗತಿಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಬಾರದಿದ್ದರೆ ನೀವೇ ಕೇಳಿ. ಉತ್ತರ ಜೋಡಿ ವಾಕ್ಯದಲ್ಲೇ ಇದೆ. ಒಂದು ಬಲ ಬಿದ್ದಿದ್ದು ಗಾಳಿಯ ಮೇಲೆ, ಇನ್ನೊಂದು ಪುಗ್ಗೆಯ ಮೇಲೆ. ಬೇರೆ ಬೇರೆ ವಸ್ತುಗಳ ಮೇಲೆ ಬಿದ್ದ ಬಲಗಳನ್ನು ಕೂಡಿಸಿ ಕಳೆಯುವ ಹಾಗಿಲ್ಲ. ನನ್ನ ಸಾಲ ನಿಮ್ಮ ಉಳಿತಾಯದಿಂದ ತೀರುವುದಿಲ್ಲವಲ್ಲ, ಹಾಗೆ. ಮುಚ್ಚಿದ ಪುಗ್ಗೆಯ ಒಳಗೆ ಮುಂದೆ ಹಿಂದೆ ಬಿದ್ದ ಒತ್ತುಗಳು ಎರಡೂ ಒಂದೇ ರಬ್ಬರಿನ ಮೇಲೆ ಬಿದ್ದಿದ್ದವು, ಅದಕ್ಕೆ ಅವು ಸರಿದೂಗಿದವು. ಈ ವ್ಯತ್ಯಾಸವನ್ನು ನಿಧಾನವಾಗಿ, ಎರಡು ಬಣ್ಣದ ಸೀಮೆಸುಣ್ಣದಲ್ಲಿ ತೋರಿಸಿ. ಇಲ್ಲಿ ಅರ್ಧ ಪೀರಿಯಡ್ ಹೋದರೂ ನಷ್ಟವಿಲ್ಲ.

ಪ್ರತಿಕ್ರಿಯೆ ಎಂಬ ಪದದ ಬಗ್ಗೆ ನನಗೊಂದು ತಕರಾರಿದೆ. ಮಾತಿನಲ್ಲಿ ಪ್ರತಿಕ್ರಿಯೆ ಅಂದರೆ ಆಮೇಲೆ ಬರುವುದು. ಒಬ್ಬರು ಬೈದರು, ಇನ್ನೊಬ್ಬರು ಪ್ರತಿಕ್ರಿಯೆ ಕೊಟ್ಟರು. ಮಕ್ಕಳು ಮೂರನೇ ನಿಯಮವನ್ನೂ ಹಾಗೇ ಅರ್ಥ ಮಾಡಿಕೊಳ್ಳುತ್ತಾರೆ. ಮೊದಲು ಗಾಳಿ ಹೋಯಿತು, ಆಮೇಲೆ ಪುಗ್ಗೆ ಹೋಯಿತು ಅಂತ. 1687ರಲ್ಲಿ ನ್ಯೂಟನ್ ಪ್ರಕಟಿಸಿದ ಈ ನಿಯಮದಲ್ಲಿ ಮೊದಲು, ಆಮೇಲೆ ಎಂಬುದಿಲ್ಲ. ಎರಡೂ ಒಂದೇ ಗಳಿಗೆಯಲ್ಲಿ ನಡೆಯುತ್ತವೆ. ಯಾವುದನ್ನು ಬೇಕಾದರೂ ಕ್ರಿಯೆ ಅನ್ನಿ, ಇನ್ನೊಂದು ಪ್ರತಿಕ್ರಿಯೆ. ಪರೀಕ್ಷೆಗೆ ಪುಸ್ತಕದ ಪದವೇ ಬೇಕು, ಅದನ್ನೂ ಕಲಿಸಬೇಕು. ಆದರೆ ಜೋಡಿ ಬಲ ಎಂಬ ಮಾತನ್ನು ಮೊದಲು ಕಲಿಸಿದರೆ ಈ ಗೊಂದಲ ಇರುವುದಿಲ್ಲ.

ಮಕ್ಕಳಿಗೆ ಗೊತ್ತಿರುವ ಜೋಡಿಗಳನ್ನು ಕೇಳಿ ಬರೆಸಿ. ಕಡಲ ಪಕ್ಕದ ಮಕ್ಕಳು ದೋಣಿಯಿಂದ ದಕ್ಕೆಗೆ (ದೋಣಿ ನಿಲ್ಲುವ ಕಟ್ಟೆಗೆ) ಹಾರುವುದನ್ನು ಹೇಳುತ್ತಾರೆ. ಕಾಲು ದೋಣಿಯನ್ನು ಹಿಂದಕ್ಕೆ ತಳ್ಳುತ್ತದೆ, ದೋಣಿ ಕಾಲನ್ನು ಮುಂದಕ್ಕೆ ತಳ್ಳುತ್ತದೆ. ಹಗ್ಗ ಕಟ್ಟದ ಹಗುರ ದೋಣಿಯಿಂದ ಹಾರಿದರೆ ದೋಣಿಯೇ ಜಾಸ್ತಿ ಹಿಂದೆ ಸರಿದು, ಹಾರಿದವರು ನೀರಿಗೆ ಬೀಳುತ್ತಾರೆ. ಶಿರಸಿಯ ಮಕ್ಕಳು ಅಡಿಕೆ ಕೊನೆ, ಅಂದರೆ ಗೊಂಚಲು, ಕೊಯ್ಯುವುದನ್ನು ಹೇಳುತ್ತಿದ್ದರು. ಕೊನೆ ಕೊಯ್ಯುವ ಕೊನೆಗೌಡ ಒಂದು ಮರದ ತುದಿಯಲ್ಲಿ ಕುಳಿತು ಪಕ್ಕದ ಮರವನ್ನು ತನ್ನ ಕಡೆಗೆ ಎಳೆಯುತ್ತಾನೆ. ಆ ಮರ ಬಾಗುತ್ತದೆ ನಿಜ, ಆದರೆ ಅವನು ಕುಳಿತ ಮರವೂ ಅದರ ಕಡೆಗೆ ಬಾಗುತ್ತದೆ. ಇದನ್ನು ದಿನಾ ನೋಡಿಯೂ ನಾನು ಗಮನಿಸಿರಲಿಲ್ಲ. ಆರನೇ ತರಗತಿಯವನೊಬ್ಬ ತೋರಿಸಿಕೊಟ್ಟ.

ಅಳತೆ

ಈಗ ಓಟದ ಸ್ಪರ್ಧೆ ಇಡಿ, ಆದರೆ ಒಂದು ಸಲಕ್ಕೆ ಒಂದೇ ವಿಷಯ ಬದಲಾಗಬೇಕು. ಮೊದಲು ಗಾಳಿಯ ಪ್ರಮಾಣ. ಪಂಪನ್ನು ಹತ್ತು ಸಲ, ಹದಿನೈದು ಸಲ, ಇಪ್ಪತ್ತು ಸಲ ಒತ್ತಿ. ನಿಮ್ಮ ಪಂಪು ದೊಡ್ಡದಿದ್ದರೆ ಎಣಿಕೆ ಕಡಿಮೆ ಇರಲಿ. ಪ್ರತಿಯೊಂದನ್ನೂ ಮೂರು ಸಲ ಬಿಟ್ಟು, ಬಂದ ಮೂರು ಅಂಕಿಗಳಲ್ಲಿ ನಡುವಿನದನ್ನು ಬರೆದುಕೊಳ್ಳಿ. ಆರು ಮೀಟರಿನ ದಾರವನ್ನು ಪುಗ್ಗೆ ಪೂರ್ತಿ ದಾಟಿಬಿಟ್ಟರೆ ದೂರ ಗೊತ್ತಾಗುವುದಿಲ್ಲ, ಆಗ ಕಾಲವನ್ನು ಅಳೆಯಿರಿ. ಹೊಸ ಬಲೂನನ್ನು ಮೊದಲು ಎರಡು ಮೂರು ಸಲ ಊದಿ ಹಿಗ್ಗಿಸಿಕೊಳ್ಳಿ. ಇಲ್ಲದಿದ್ದರೆ ಮೊದಲ ಓಟ, ಕೊನೆಯ ಓಟ ಹೊಂದುವುದಿಲ್ಲ. ದಾರ ಸಮಮಟ್ಟದಲ್ಲಿದೆಯೇ ಎಂಬ ಅನುಮಾನವಿದ್ದರೆ ಪುಗ್ಗೆಯನ್ನು ಎರಡೂ ದಿಕ್ಕಿಗೆ ಬಿಟ್ಟು ನೋಡಿ.

ಪಂಪು ಇಲ್ಲದವರು ದರ್ಜಿಯ ಪಟ್ಟಿಯನ್ನು ಗುಂಡು ಬಲೂನಿನ ಹೊಟ್ಟೆಗೆ ಸುತ್ತಿ ಅಳೆಯಿರಿ. ಇಲ್ಲಿ ಒಂದು ಸೊಗಸಾದ ಗಣಿತ ಸಿಗುತ್ತದೆ. ಸುತ್ತಳತೆ 60 ಸೆಂಟಿಮೀಟರ್ ಇದ್ದರೆ ಒಳಗೆ ಸುಮಾರು 3.6 ಲೀಟರ್ ಗಾಳಿ ಇರುತ್ತದೆ. 75 ಸೆಂಟಿಮೀಟರ್ ಆದರೆ ಸುಮಾರು 7.1 ಲೀಟರ್. ಸುತ್ತಳತೆ ಕಾಲು ಭಾಗ ಮಾತ್ರ ಹೆಚ್ಚಿತು, ಗಾಳಿ ಹತ್ತಿರ ಹತ್ತಿರ ಎರಡು ಪಟ್ಟಾಯಿತು. ಗೋಳದ ಗಾತ್ರದ ಸೂತ್ರ ಕಲಿತ ಮಕ್ಕಳು ಇದನ್ನು ತಾವೇ ಮಾಡಿ ನೋಡಬಹುದು.

ಒಂದು ಲೀಟರ್ ಗಾಳಿಯ ತೂಕ ಸುಮಾರು 1.2 ಗ್ರಾಂ. ಅಂದರೆ ಆ ದೊಡ್ಡ ಪುಗ್ಗೆಯೊಳಗೆ ಎಂಟೂವರೆ ಗ್ರಾಂ ಗಾಳಿ ಇದೆ. ರಬ್ಬರಿನ ತೂಕವೋ, ಸಾಮಾನ್ಯವಾಗಿ ಎರಡು ಮೂರು ಗ್ರಾಂ. ಒಳಗಿನ ಗಾಳಿಯೇ ಪುಗ್ಗೆಗಿಂತ ಭಾರ! ಈ ಲೆಕ್ಕ ಮಾಡಿದಾಗ ತರಗತಿಯಲ್ಲಿ ಒಂದು ಕ್ಷಣ ಸದ್ದಿರುವುದಿಲ್ಲ. ಗಾಳಿಗೂ ತೂಕವಿದೆ, ಅದನ್ನು ಹಿಂದಕ್ಕೆ ಎಸೆಯುವುದಕ್ಕೂ ಬಲ ಬೇಕು ಎನ್ನುವುದು ಆಗ ಅವರಿಗೆ ನಿಜ ಅನ್ನಿಸುತ್ತದೆ. 2023ರ ಜುಲೈ 14ರಂದು ಚಂದ್ರಯಾನ 3 ಅನ್ನು ಹೊತ್ತು ಶ್ರೀಹರಿಕೋಟಾದಿಂದ ಎದ್ದ ಎಲ್‌ವಿಎಂ 3 ರಾಕೆಟ್ಟಿನ ತೂಕ ಸುಮಾರು 640 ಟನ್. ಅದು ಹೊತ್ತ ನೌಕೆಯ ತೂಕ ನಾಲ್ಕು ಟನ್ನಿಗೂ ಕಡಿಮೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಹಿಂದಕ್ಕೆ ಎಸೆಯಲೆಂದೇ ತುಂಬಿಕೊಂಡ ಇಂಧನ.

ಎರಡನೇ ಸುತ್ತಿನಲ್ಲಿ ಹೊರೆ ಹೇರಿಸಿ. ಪುಗ್ಗೆಯ ಕೆಳಗೆ ಕಾಗದದ ಸಣ್ಣ ಪೊಟ್ಟಣ ಅಂಟಿಸಿ, ಅದರಲ್ಲಿ ಹುಣಸೆ ಬೀಜ ಹಾಕುತ್ತಾ ಹೋಗಿ. ಮೂರನೇ ಸುತ್ತಿನಲ್ಲಿ ಬಾಯಿಯ ಅಗಲ. ರಿಫಿಲ್ ತೆಗೆದ ಪೆನ್ನಿನ ಕೊಳವೆಯ ಚೂರನ್ನು ಬಾಯಿಗೆ ಸಿಕ್ಕಿಸಿ ರಬ್ಬರ್ ಬ್ಯಾಂಡ್ ಹಾಕಿದರೆ ಗಾಳಿ ಸಣ್ಣಗೆ, ಹೆಚ್ಚು ಹೊತ್ತು ಬರುತ್ತದೆ. ಅದು ದೂರ ಹೋಗುತ್ತದೋ, ದಾರದ ಘರ್ಷಣೆಗೆ ಸೋತು ನಿಲ್ಲುತ್ತದೋ, ಅದು ನಿಮ್ಮ ದಾರದ ಮೇಲೆ ನಿಂತಿದೆ. ಮೊದಲೇ ಉತ್ತರ ಹೇಳಿಬಿಡಬೇಡಿ.

ಉತ್ಸಾಹ ಉಳಿದಿದ್ದರೆ ಎರಡು ಹಂತದ ರಾಕೆಟ್ ಮಾಡಿಸಿ. ಕಾಗದದ ಲೋಟದ ತಳ ಕತ್ತರಿಸಿ ಒಂದು ಬಳೆ ಮಾಡಿಕೊಳ್ಳಿ. ಮುಂದಿನ ಪುಗ್ಗೆಯನ್ನು ಮುಕ್ಕಾಲು ಊದಿ, ಅದರ ಕುತ್ತಿಗೆಯನ್ನು ಬಳೆಯೊಳಗೆ ತೂರಿಸಿ, ಬಳೆಯ ಬದಿಗೆ ಒತ್ತಿ ಹಿಡಿಯಿರಿ. ಹಿಂದಿನ ಪುಗ್ಗೆಯ ಮೂಗನ್ನು ಅದೇ ಬಳೆಯೊಳಗಿಟ್ಟು ಊದಿ. ಅದು ಉಬ್ಬಿ ಮುಂದಿನದರ ಕುತ್ತಿಗೆಯನ್ನು ಒತ್ತಿ ಮುಚ್ಚುತ್ತದೆ. ಎರಡಕ್ಕೂ ಒಂದೊಂದು ಕೊಳವೆ ಅಂಟಿಸಿ ಹಿಂದಿನದನ್ನು ಬಿಡಿ. ಅದು ಸೊರಗಿದ ಕೂಡಲೇ ಮುಂದಿನದರ ಬಾಯಿ ತೆರೆದು ಅದು ತಾನಾಗಿ ಹೊರಡುತ್ತದೆ. ಮೊದಲ ಪ್ರಯತ್ನದಲ್ಲಿ ಆಗುವುದು ಅಪರೂಪ. ನಾಲ್ಕು ಜನರ ಗುಂಪು ಮಾಡಿ ಕೊಡಿ, ಕೈ ಸಾಲದೆ ಹೋಗುತ್ತದೆ.

ದಾರ ಇಲ್ಲದೆ ಬಿಟ್ಟರೆ ಏನಾಗುತ್ತದೆ ಅಂತಲೂ ಒಮ್ಮೆ ತೋರಿಸಿ. ಪುಗ್ಗೆ ಕೋಣೆಯೆಲ್ಲ ಅಡ್ಡಾದಿಡ್ಡಿ ಹಾರುತ್ತದೆ. ಬಾಯಿ ಅಲ್ಲಾಡಿದ ಹಾಗೆ ಬಲದ ದಿಕ್ಕು ಬದಲಾಗುತ್ತದೆ. ಬಲ ಇದ್ದರೆ ಸಾಲದು, ಅದನ್ನು ನೇರ ಹಿಡಿಯುವುದು ಬೇರೆಯೇ ಕೆಲಸ. 2018ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ ಹಳೆಯ ಬಾವಿಯೊಂದನ್ನು ಅಗೆದಾಗ ಟಿಪ್ಪುವಿನ ಕಾಲದ ಕಬ್ಬಿಣದ ರಾಕೆಟ್ಟುಗಳು ಸಾವಿರಕ್ಕೂ ಹೆಚ್ಚು ಸಿಕ್ಕವು. ಮೈಸೂರಿನವರು ಅಂಥ ಕೊಳವೆಗೆ ಉದ್ದನೆಯ ಬಿದಿರಿನ ಗಳ ಕಟ್ಟಿ ಹಾರಿಸುತ್ತಿದ್ದರು. ನಮ್ಮ ನೈಲಾನ್ ದಾರ ಮಾಡುವ ಕೆಲಸವನ್ನು ಅಲ್ಲಿ ಆ ಬಿದಿರು ಮಾಡುತ್ತಿತ್ತು.

ಮುಗಿದ ಮೇಲೆ

ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟ ಉತ್ತರಗಳಿಗೆ ವಾಪಸ್ ಬನ್ನಿ. ತಮ್ಮ ಉತ್ತರ ಬದಲಿಸುವವರು ಎದ್ದು ಬಂದು, ಹಳೆಯದನ್ನು ಅಳಿಸದೆ, ಅದರ ಪಕ್ಕದಲ್ಲಿ ಜೋಡಿ ವಾಕ್ಯ ಬರೆಯಲಿ. ಮನೆಗೆಲಸಕ್ಕೆ ಪ್ರಶ್ನೆಪಟ್ಟಿ ಬೇಡ. ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಕಂಡ ಐದು ಜೋಡಿಗಳನ್ನು ಬರೆದು ತರಲಿ. ಹುಟ್ಟು ನೀರನ್ನು, ನೀರು ಹುಟ್ಟನ್ನು. ಚಪ್ಪಲಿ ರಸ್ತೆಯನ್ನು, ರಸ್ತೆ ಚಪ್ಪಲಿಯನ್ನು. ಕೆಸರಿನಲ್ಲಿ ಜಾರಿದವರು ರಸ್ತೆ ಸರಿಯಾಗಿ ವಾಪಸ್ ತಳ್ಳಲಿಲ್ಲ ಅಂತ ಬರೆದರೆ ಪೂರ್ತಿ ಅಂಕ ಕೊಡಿ.

ಪುಗ್ಗೆಗಳನ್ನು ಕೊಟ್ಟಷ್ಟೇ ಎಣಿಸಿ ವಾಪಸ್ ತೆಗೆದುಕೊಳ್ಳಿ, ಒಡೆದ ಚೂರುಗಳನ್ನೂ ಸೇರಿಸಿ. ನಮ್ಮ ಕರಾವಳಿಯ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ. ನೀರಿಗೆ ಸೇರಿದ ಪುಗ್ಗೆಯ ಚೂರನ್ನು ಅವು ಆಹಾರವೆಂದು ನುಂಗುತ್ತವೆ. ನೈಲಾನ್ ದಾರ ಹಕ್ಕಿಯ ಕಾಲಿಗೆ ಸುತ್ತಿಕೊಂಡರೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಅದನ್ನು ಸಣ್ಣ ಮರದ ತುಂಡಿಗೆ ಸುತ್ತಿ, ಮೇಲೆ "6 ಮೀಟರ್" ಎಂದು ಬರೆದು, ಕೊಳವೆಗಳ ಜೊತೆ ಬೀರುವಿನ ಒಣ ಖಾನೆಯಲ್ಲಿಡಿ. ಮುಂದಿನ ವರ್ಷ ಬಲೂನು ಮಾತ್ರ ಹೊಸದು ತಂದರೆ ಸಾಕು.